ಜೀನಸಿನ ಚೀಟಿಯಲ್ಲಿ ನಾಯಿಗೂ ಒಂದು ಸಾಲು

ಕೆರೆಕಟ್ಟೆ ಕಡೆಯ ನಮ್ಮಂಥ ಸಣ್ಣ ಬೆಳೆಗಾರರಿಗೆ ಅಡಿಕೆ, ಕಾಫಿಯ ಹಣ ಕೈಸೇರುವುದು ವರ್ಷಕ್ಕೆ ಒಂದೆರಡು ಸಲ. ಜೀನಸಿನ ಚೀಟಿ ಮಾತ್ರ ತಿಂಗಳು ತಿಂಗಳೂ ತಪ್ಪದು. ಮಾರಾಟದ ಹಣದಲ್ಲಿ ತೋಟದ ಖರ್ಚು, ಸಾಲದ ಕಂತು ತೆಗೆದಿಟ್ಟು ಉಳಿದದ್ದನ್ನು 12ರಿಂದ ಭಾಗಿಸಿದರೆ ಬರುವುದೇ ನಮ್ಮ ತಿಂಗಳ ಸಂಬಳ. ಮಳೆಗಾಲಕ್ಕೆಂದು ಅಕ್ಕಿ, ಬೇಳೆ, ಮೆಣಸಿನಕಾಯಿಗಳನ್ನು ಮೇ ತಿಂಗಳಲ್ಲೇ ತಂದಿಡುತ್ತೇವೆ. ಆ ಮೊತ್ತವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ ಹಂಚಿ ಬರೆದುಕೊಳ್ಳಬೇಕು. ಇಲ್ಲವಾದರೆ ಮೇ ತಿಂಗಳಲ್ಲಿ ದುಂದು ಮಾಡಿದಂತೆ, ಜುಲೈಯಲ್ಲಿ ಖರ್ಚೇ ಇಲ್ಲದಂತೆ ಕಾಣುತ್ತದೆ.

ಈಚೆಗೆ ಚೀಟಿಗೆ ಹೊಸದಾಗಿ ಸೇರಿರುವುದು ನಾಯಿ, ಬೆಕ್ಕಿನ ಪೊಟ್ಟಣದ ಆಹಾರ. ಹಿಂದೆ ನಾಯಿಯ ಪಾಲು ಮನೆಯ ಅನ್ನದ ಪಾತ್ರೆಯಲ್ಲೇ ಇತ್ತು, ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಈಗ ದಿನಕ್ಕೆ 200 ಗ್ರಾಂ ಹಾಕಿದರೆ ತಿಂಗಳಿಗೆ 6 ಕಿಲೋ. ಎರಡು ನಾಯಿಯಿದ್ದರೆ 12. ಮಂಗ, ಹಂದಿಗಳನ್ನು ಓಡಿಸುವ ನಾಯಿಗೆ ಹೊಟ್ಟೆತುಂಬ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. (ಚಿರತೆಯ ಭಯವಿರುವಲ್ಲಿ ರಾತ್ರಿ ಒಳಗೆ ಕಟ್ಟುವುದೂ ಆಗಬೇಕು.) ಆದರೆ ಎರಡು ಹೊತ್ತೂ ಪೊಟ್ಟಣವೇ ಬೇಕೆಂದಿಲ್ಲ. ಒಂದು ಹೊತ್ತು ನುಚ್ಚಕ್ಕಿಯ ಅನ್ನಕ್ಕೆ ಬೇಯಿಸಿದ ಮೊಟ್ಟೆಯನ್ನೋ ಮುಳ್ಳು ತೆಗೆದ ಮೀನನ್ನೋ ಕಲಸಿ ಹಾಕಬಹುದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಬೇಡ, ರಕ್ತಕ್ಕೆ ಕೆಡುಕು. ಕಾಫಿ ಚರಟವೂ ನಾಯಿಗೆ ವಿಷವೇ. ಬೆಕ್ಕಿಗಂತೂ ಬರೀ ಹಾಲನ್ನ ಸಾಲದು, ಅದು ಮಾಂಸಾಹಾರಿ. ಒಡೆದ ಪೊಟ್ಟಣವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದದ್ದನ್ನು ಹಾಕಬಾರದು.

ಆಗಸ್ಟ್ ಹೊತ್ತಿಗೆ ಕೈ ಬರಿದಾಗಿ, ದಾಸ್ತಾನಿಟ್ಟ ಅಡಿಕೆಯ ಮೇಲೆ ಮುಂಗಡ ಪಡೆದು ಅಂಗಡಿ ಬಾಕಿ ತೀರಿಸುವವರು ನಮ್ಮಲ್ಲಿದ್ದಾರೆ. ಅಂಥವರು ಆ ಮುಂಗಡದ ಬಡ್ಡಿಯನ್ನೂ ತೋಟದ ಖಾತೆಗೆ ಹಾಕದೆ, ಜೀನಸಿನ ಚೀಟಿಯ ಕೆಳಗೇ ಬರೆಯಬೇಕು.