‘ಇಲ್ಲ’ ಎಂದು ಬರೆಯುವುದು ಹೇಗೆ?



ಕಳೆದ ಸಭೆ ಮುಗಿಸಿ ಮೆಟ್ರೋಪಾಲಿಟನ್ ಲೈನಿನ ರೈಲಿನಲ್ಲಿ ಹ್ಯಾರೋ ಕಡೆ ಹೊರಟಿದ್ದಾಗ ನಮ್ಮ ಹೊಸ ಕಾರ್ಯದರ್ಶಿಗಳು ಅಲವತ್ತುಕೊಂಡರು. “ಸಾರ್, ಹಾಲ್ ಬಾಡಿಗೆ ಕಟ್ಟೋದೇ ಕಷ್ಟ. ಪುಸ್ತಕ ಅಚ್ಚು ಹಾಕಿಸಿ, ಟಿಕೆಟ್ ಕಳಿಸಿ, ನಮ್ಮ ತಂಡಕ್ಕೆ ಸ್ಪಾನ್ಸರ್ ಹುಡುಕಿಕೊಡಿ ಅಂತ ಪತ್ರಗಳು ಬರ್ತಾನೇ ಇವೆ. ಆಗಲ್ಲ ಅಂತ ಹೇಗೆ ಬರೀಲಿ? ಅದಕ್ಕೇ ಯಾವುದಕ್ಕೂ ಉತ್ತರಾನೇ ಬರೆದಿಲ್ಲ.” ಅವರ ಸಂಕಟ ನನಗೆ ಗೊತ್ತು. ಆ ಕುರ್ಚಿಯಲ್ಲಿ ನಾನೂ ನಾಲ್ಕು ವರ್ಷ ಕೂತು, ಒಂದು ಪತ್ರವನ್ನು ತೀರಾ ಕೆಟ್ಟದಾಗಿ ಬರೆದವನು.

ಇಲ್‌ಫರ್ಡ್ ಕಡೆಯ ಹಿರಿಯರೊಬ್ಬರು ತೀರಿಕೊಂಡ ತಮ್ಮ ಹೆಂಡತಿಯ ಕವಿತೆಗಳನ್ನು ನಮ್ಮ ಬಳಗದಿಂದ ಪ್ರಕಟಿಸಿ ಎಂದು ಕೇಳಿದ್ದರು. ಗೆರೆಯ ನೋಟ್‌ಬುಕ್ಕಿನಲ್ಲಿ ಆಕೆಯದೇ ಕೈಬರಹ. ಸಮಿತಿಯ ಹತ್ತಿರ ಹಣವಿರಲಿಲ್ಲ. ನಾನು ಆಫೀಸಿನಲ್ಲಿ ಉದ್ಯೋಗದ ಅರ್ಜಿಗಳಿಗೆ ಕಳಿಸುತ್ತಿದ್ದ ಇಂಗ್ಲಿಷ್ ಪತ್ರವನ್ನೇ ತೆಗೆದುಕೊಂಡು, ಹೆಸರು ಬದಲಾಯಿಸಿ, “ತಮ್ಮ ಕೋರಿಕೆಯನ್ನು ಪರಿಶೀಲಿಸಲಾಗಿ, ಪುರಸ್ಕರಿಸಲು ಅವಕಾಶವಿರುವುದಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ” ಎಂದು ಕನ್ನಡಿಸಿ ಕಳಿಸಿಬಿಟ್ಟೆ. ವಾರದ ನಂತರ ಉತ್ತರ ಬಂತು: “ಪತ್ರ ತಲುಪಿತು. ದಯವಿಟ್ಟು ನೋಟ್‌ಬುಕ್ ವಾಪಸು ಕಳಿಸಿ. ನನ್ನ ಬಳಿ ಬೇರೆ ಪ್ರತಿ ಇಲ್ಲ.” ಅದು ಮೂರು ತಿಂಗಳಿಂದ ನನ್ನ ಬೀರುವಿನಲ್ಲಿತ್ತು! ಮರುದಿನವೇ ಕೊಂಡೊಯ್ದು ಕೊಟ್ಟೆ. ಅವರು ಬಾಗಿಲಲ್ಲೇ ತೆಗೆದುಕೊಂಡರು. ಕಾಫಿ ಕುಡೀರಿ ಎನ್ನಲಿಲ್ಲ. ಮುಂದೆ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ನಿರಾಕರಣೆಗೆ ಬೇಕಾದ ಮಾತು ನಮ್ಮ ಭಾಷೆಯಲ್ಲಿ ಇಲ್ಲದೆ ಹಾಗಾಯಿತು ಎನ್ನುವಂತಿಲ್ಲ. ಇಲ್ಲ, ಅಲ್ಲ, ಬೇಡ, ಒಲ್ಲೆ, ಕೂಡದು, ಬಾರದು... ಒಂದೊಂದರ ತೂಕವೂ ಬೇರೆ. ‘ಒಲ್ಲೆ’ ಎಂದರೆ ಮನಸ್ಸಿಲ್ಲ, ‘ಕೂಡದು’ ಎಂದರೆ ಅಪ್ಪಣೆ ಇಲ್ಲ. ‘ಮಾಡುವುದಿಲ್ಲ’ ಎನ್ನುವುದಕ್ಕೂ ‘ನಮ್ಮಿಂದ ಆಗುತ್ತಿಲ್ಲ’ ಎನ್ನುವುದಕ್ಕೂ ಇರುವ ಅಂತರ ನೋಡಿ. ಮೊದಲನೆಯದರಲ್ಲಿ ಬಾಗಿಲು ಹಾಕಿದ ಸದ್ದಿದೆ, ಎರಡನೆಯದರಲ್ಲಿ ಕೊರತೆ ನಮ್ಮ ಕಡೆಯದು. ಬಾಗಿಲಿಗೆ ಬಂದ ಭಿಕ್ಷುಕನಿಗೂ ನಮ್ಮ ಅಜ್ಜಿ ‘ಇಲ್ಲ’ ಎನ್ನುತ್ತಿರಲಿಲ್ಲ, “ಮುಂದೆ ಹೋಗಪ್ಪಾ” ಎನ್ನುತ್ತಿದ್ದಳು. ಮನೆಯಲ್ಲಿ ಇಲ್ಲ ಎಂದರೆ ಇಲ್ಲದ್ದೇ ಬಂದೀತೆಂಬ ಭಯ ಒಂದು ಕಡೆ, ಅವನಿಗೆ ಮುಂದೊಂದು ಮನೆ ಇದೆ ಎಂಬ ಸೂಚನೆ ಇನ್ನೊಂದು ಕಡೆ.

ನಮ್ಮಲ್ಲಿ ಸಾವಿರಾರು ಮನೆಗಳು ಬರೆದಿರುವ ನಿರಾಕರಣ ಪತ್ರ ಯಾವುದು ಗೊತ್ತೆ? ಹೆಣ್ಣಿನ ಫೋಟೋ, ಜಾತಕ ವಾಪಸು ಕಳಿಸುವಾಗ ಬರೆಯುವ “ಜಾತಕ ಕೂಡಿ ಬರಲಿಲ್ಲ” ಎಂಬ ಒಂದು ಸಾಲು. ಹುಡುಗಿ ಕಪ್ಪು, ಮನೆತನ ಸಾಲದು, ಹುಡುಗನಿಗೆ ಬೇರೆ ಯಾರೋ ಇಷ್ಟ ಎಂಬ ಕಾರಣಗಳೆಲ್ಲ ಅದರಡಿಯಲ್ಲಿ ಮುಚ್ಚಿಹೋಗುತ್ತವೆ. ತಪ್ಪೆಲ್ಲ ಗ್ರಹಗಳದು, ಇಬ್ಬರ ಮರ್ಯಾದೆಯೂ ಉಳಿಯಿತು. ನಾನೂ ಇದನ್ನು ಮೆಚ್ಚಿಕೊಂಡೇ ಬೆಳೆದವನು. ಆದರೆ ಇದರಲ್ಲೊಂದು ತೊಡಕಿದೆ. ಹೆಣ್ಣಿನ ತಂದೆ ಹಟ ಹಿಡಿದು ಇನ್ನೊಬ್ಬ ಜೋಯಿಸರಿಗೆ ತೋರಿಸಿ, “ಚೆನ್ನಾಗಿ ಕೂಡುತ್ತದಂತೆ, ಸಣ್ಣದೊಂದು ಶಾಂತಿ ಮಾಡಿಸಿದರಾಯಿತು” ಎಂದು ಬಂದು ಕೂತರೆ? ಕಾರಣ ಸುಳ್ಳಾದಾಗ, ಅದಕ್ಕೆ ಪರಿಹಾರ ಹುಡುಕಿಕೊಂಡು ಬಂದವರಿಗೆ ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ. ವ್ಯವಹಾರದ ಪತ್ರಕ್ಕೂ ಇದೇ ಕಥೆ. “ಈ ವರ್ಷ ಬಜೆಟ್ ಮುಗಿದಿದೆ” ಎಂದು ಬರೆದರೆ ಏಪ್ರಿಲ್‌ನಲ್ಲಿ ಹೊಸ ಅರ್ಜಿ ಖಂಡಿತ. ಬಜೆಟ್ಟೇ ನಿಜವಾದ ಕಾರಣವಾದರೆ ಬರೆಯಿರಿ, ಅಲ್ಲದಿದ್ದರೆ ಬೇಡ. ಕಾರಣವನ್ನು ಬಿಡಿಸಿ ಹೇಳಲೇಬೇಕೆಂಬ ಕಟ್ಟಳೆಯೂ ಇಲ್ಲ. “ಸಮಿತಿ ಯೋಚಿಸಿ ಬೇಡವೆಂದು ನಿರ್ಧರಿಸಿದೆ” ಎಂಬ ಮಾತು ಸುಳ್ಳಿಗಿಂತ ಕಡಿಮೆ ನೋಯಿಸುತ್ತದೆ.

ಈ ಊರಿನಲ್ಲೇ ಬರೆದ ಒಂದು ಪ್ರಸಿದ್ಧ ನಿರಾಕರಣ ಪತ್ರವನ್ನು ನೋಡೋಣ. 1944ರ ಜೂನ್ ಕೊನೆಯಲ್ಲಿ ಕಿಲ್ಬರ್ನ್ ಬಳಿ ಜಾರ್ಜ್ ಆರ್ವೆಲ್ ವಾಸವಿದ್ದ ಮನೆ ಜರ್ಮನರ ಹಾರುಬಾಂಬಿಗೆ ಹಾಳಾಯಿತು. ‘ಅನಿಮಲ್ ಫಾರ್ಮ್’ನ ಹಸ್ತಪ್ರತಿ ಆ ಅವಶೇಷದಿಂದ ಮುದುಡಿಕೊಂಡೇ ಹೊರಬಂತು. ಅದರ ಸ್ಥಿತಿಗೆ ಕ್ಷಮೆ ಕೇಳಿ ಆರ್ವೆಲ್ ಅದನ್ನು ರಸೆಲ್ ಸ್ಕ್ವೇರಿನ ಫೇಬರ್ ಅಂಡ್ ಫೇಬರ್ ಸಂಸ್ಥೆಯಲ್ಲಿ ನಿರ್ದೇಶಕರಾಗಿದ್ದ ಕವಿ ಟಿ. ಎಸ್. ಎಲಿಯಟ್‌ಗೆ ಕಳಿಸಿದರು. ರಷ್ಯಾ ಬ್ರಿಟನ್ನಿನ ಮಿತ್ರರಾಷ್ಟ್ರವಾಗಿದ್ದ ಕಾಲ. ಪುಸ್ತಕವೋ ಸ್ಟಾಲಿನ್ನನ ಮೇಲಿನ ವಿಡಂಬನೆ. ಎಲಿಯಟ್ ಜುಲೈ 13ರಂದು ಉತ್ತರ ಬರೆದರು.

ನನಗೆ ಹಿಡಿಸಿದ್ದು ಆ ಪತ್ರದ ಕಟ್ಟು. ನಿಮಗೆ ಬೇಗ ಉತ್ತರ ಬೇಕಿತ್ತೆಂದು ಗೊತ್ತು, ಕಡೇಪಕ್ಷ ಇಬ್ಬರು ನಿರ್ದೇಶಕರು ಓದಬೇಕಾದ್ದರಿಂದ ಇಷ್ಟು ದಿನ ಹಿಡಿಯಿತು ಎಂಬುದು ಮೊದಲ ಮಾತು. ಅಂದರೆ ಕಾಯುತ್ತಿದ್ದವನ ಹೊತ್ತಿಗೆ ಬೆಲೆ ಕೊಟ್ಟರು. ಆಮೇಲೆ ಹೊಗಳಿಕೆ. ಅದೂ ‘ತುಂಬಾ ಚೆನ್ನಾಗಿದೆ’ ಎಂಬ ತೇಲುಮಾತಲ್ಲ, ನೀತಿಕಥೆಯ ನಿರ್ವಹಣೆಯನ್ನು ಗಲಿವರನ ಪ್ರವಾಸಕ್ಕೆ ಹೋಲಿಸಿ ಹೇಳಿದ ಮೆಚ್ಚುಗೆ. ನಂತರ ನಿರ್ಧಾರ: ಸದ್ಯದ ರಾಜಕೀಯವನ್ನು ಟೀಕಿಸಲು ಇದೇ ಸರಿಯಾದ ದೃಷ್ಟಿಕೋನವೆಂಬ ನಂಬಿಕೆ ನಮಗಿಲ್ಲ. ಕಾಗದದ ಅಭಾವದ ಕಾಲ ಅದು, ಬೇಕೆಂದಿದ್ದರೆ ಕಾಗದವಿಲ್ಲ ಎಂದು ಜಾತಕದ ನೆಪ ಹೇಳಬಹುದಿತ್ತು. ಹೇಳಲಿಲ್ಲ. ಇದನ್ನು ಪ್ರಕಟಿಸಿದವರಿಗೇ ನಿಮ್ಮ ಮುಂದಿನ ಪುಸ್ತಕಗಳೂ ಸಿಗುತ್ತವೆ, ಅದಕ್ಕೇ ನಮಗೆ ಬೇಸರ ಎಂದೂ ಬರೆದರು. ಕಡೆಗೆ, ಹಸ್ತಪ್ರತಿಯನ್ನು ಕಾರ್ಯದರ್ಶಿ ಬೇರೆಯಾಗಿ ಕಳಿಸಿಕೊಡುತ್ತಾರೆ ಎಂಬ ಸಾಲು. (ಈ ಸಾಲು ಓದಿದಾಗಲೆಲ್ಲ ನನಗೆ ನನ್ನ ಬೀರು ನೆನಪಾಗುತ್ತದೆ.)

ಎಲಿಯಟ್ ಎಡವಿದ್ದು ನಡುವಿನಲ್ಲಿ. ನಿಮ್ಮ ಹಂದಿಗಳೇ ಉಳಿದ ಪ್ರಾಣಿಗಳಿಗಿಂತ ಬುದ್ಧಿವಂತರು, ಬೇಕಾದದ್ದು ಇನ್ನಷ್ಟು ಕಮ್ಯುನಿಸಂ ಅಲ್ಲ, ಲೋಕಹಿತ ಬಯಸುವ ಹಂದಿಗಳು ಎಂಬ ವಾದಕ್ಕೆ ಇಳಿದರು. ‘ಆಗುವುದಿಲ್ಲ’ ಎಂದ ಮೇಲೆ ಕೃತಿಯನ್ನು ತಿದ್ದಲು ಹೋಗಬಾರದು. ಜನ ಇಂದಿಗೂ ಆ ಪತ್ರವನ್ನು ನೆನೆದು ನಗುವುದು ಆ ಹಂದಿಗಳಿಗಾಗಿಯೇ. ಅದೇ ಬೇಸಿಗೆಯಲ್ಲಿ ಇನ್ನೊಬ್ಬ ಪ್ರಕಾಶಕ ಜೊನಾಥನ್ ಕೇಪ್, ಆಳುವ ವರ್ಗವನ್ನು ಹಂದಿಗಳಾಗಿ ತೋರಿಸದೆ ಬೇರೆ ಪ್ರಾಣಿ ಮಾಡಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ ಎಂದು ಆರ್ವೆಲ್‌ರ ಏಜೆಂಟರಿಗೆ ಬರೆದಿದ್ದರು! ಪುಸ್ತಕ ಕಡೆಗೆ 1945ರ ಆಗಸ್ಟ್ 17ರಂದು ಸೆಕರ್ ಅಂಡ್ ವಾರ್‌ಬರ್ಗ್‌ನಿಂದ ಬಂತು. ನಿರಾಕರಿಸಿದವರ ತೀರ್ಪು ತಪ್ಪಿದ್ದಿರಬಹುದು, ಆದರೆ ಅದು ಬೇರೆ ಪ್ರಶ್ನೆ.

ಕೇಳುವವರ ಜಾಣತನದ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನ ಸರ್ಕಾರ ಯಾರಿಗಾದರೂ ಗೌರವ ಪದವಿ ಕೊಡುವ ಮುನ್ನ, ಕೊಟ್ಟರೆ ಒಪ್ಪುತ್ತೀರಾ ಎಂದು ಗುಟ್ಟಾಗಿ ಪತ್ರ ಬರೆದು ಕೇಳುತ್ತದೆ. ಬೇಡ ಎಂದವರ ಹೆಸರು ಪಟ್ಟಿಗೇ ಬರುವುದಿಲ್ಲ, ಯಾರಿಗೂ ಮುಖಭಂಗವಿಲ್ಲ. 1951ರಿಂದ 1999ರವರೆಗೆ ಹೀಗೆ ಬೇಡವೆಂದು ನಂತರ ತೀರಿಕೊಂಡ 277 ಜನರ ಹೆಸರು ಹೊರಬಂದದ್ದು 2012ರಲ್ಲಿ, ಅದೂ ಮಾಹಿತಿ ಹಕ್ಕಿನಡಿ ಕೇಳಿದ ಮೇಲೆ. ಚಿತ್ರಕಾರ ಎಲ್. ಎಸ್. ಲೌರಿ ಅವರೊಬ್ಬರೇ ಐದು ಸಲ ಬೇಡವೆಂದಿದ್ದರು. ನಾವೋ, ಆಹ್ವಾನ ಪತ್ರಿಕೆಯಲ್ಲಿ ಮುಖ್ಯ ಅತಿಥಿಗಳ ಹೆಸರು ಅಚ್ಚು ಹಾಕಿಸಿ ಆಮೇಲೆ ಅವರಿಗೆ ಫೋನ್ ಮಾಡುವವರು. ಪಾಪ, ಅವರು ಹೇಗೆ ತಾನೇ ಇಲ್ಲ ಎಂದಾರು?

ಕಾರ್ಯದರ್ಶಿಗಳಿಗೆ ಹೇಳಿದ್ದು ಇಷ್ಟು: ಬೇಗ ಬರೆಯಿರಿ. ‘ನೋಡೋಣ’ ಎಂಬ ಪದ ಬೇಡ, ಕೇಳಿದವರು ಅದನ್ನು ಅರ್ಧ ಒಪ್ಪಿಗೆ ಎಂದುಕೊಂಡು ಅಚ್ಚಿನ ಮನೆಗೆ ಮುಂಗಡ ಕೊಟ್ಟುಬಿಡುತ್ತಾರೆ. ನಿರಾಕರಣೆಯನ್ನು ಎರಡನೇ ಪ್ಯಾರಾದೊಳಗೆ ಮುಗಿಸಿ, ಕ್ಷೇಮ ಸಮಾಚಾರದಲ್ಲಿ ಹೂಳಬೇಡಿ. ಮುಂದಿನ ಮನೆ ಯಾವುದೆಂದು ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಸುಮ್ಮನೆ ಓಡಾಡಿಸಬೇಡಿ. ಅವರು ಮಾದರಿ ಕೇಳಿದರು. ಇಲ್‌ಫರ್ಡಿನ ಆ ಹಿರಿಯರಿಗೆ ಅಂದೇ ಬರೆಯಬೇಕಿದ್ದ ಪತ್ರವನ್ನು ಮನೆಗೆ ಬಂದು ಬರೆದು ಇಮೇಲ್ ಮಾಡಿದೆ. ಅದು ಹೀಗಿದೆ:

“ಪೂಜ್ಯರೇ, ನಮಸ್ಕಾರ. ತಾವು ಕಳಿಸಿದ ನೋಟ್‌ಬುಕ್ ಕಳೆದ ಸೋಮವಾರ ಕೈಸೇರಿತು. ನಾನೂ ಸಮಿತಿಯ ಇನ್ನಿಬ್ಬರೂ ಪೂರ್ತಿ ಓದಿದೆವು. ಮೊದಲ ಚಳಿಗಾಲದಲ್ಲಿ ಹಪ್ಪಳ ಒಣಗಿಸಲು ಬಿಸಿಲು ಹುಡುಕುವ ಕವಿತೆಯನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಪುಸ್ತಕವಾಗಿ ಪ್ರಕಟಿಸುವುದು ನಮ್ಮ ಬಳಗದಿಂದ ಆಗುತ್ತಿಲ್ಲ. ನಮ್ಮಲ್ಲಿ ಪುಸ್ತಕಕ್ಕೆಂದು ಹಣವಿಲ್ಲ, ಮುಂದಿನ ವರ್ಷವೂ ಇರುವ ಹಾಗೆ ಕಾಣುವುದಿಲ್ಲ. ಆದ್ದರಿಂದ ತಾವು ನಮಗಾಗಿ ಕಾಯುವುದು ಬೇಡ. ತಾವು ಒಪ್ಪಿದರೆ ಆ ಒಂದು ಕವಿತೆಯನ್ನು ನಮ್ಮ ಯುಗಾದಿ ಸಂಚಿಕೆಯಲ್ಲಿ ಅವರ ಹೆಸರಿನಲ್ಲಿ ಹಾಕುತ್ತೇವೆ. ಇದೊಂದೇ ಪ್ರತಿ ಇರಬಹುದೆಂದು ಅಂಚೆಗೆ ಹಾಕುತ್ತಿಲ್ಲ. ಬರುವ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನೇ ತಂದುಕೊಡುತ್ತೇನೆ. ಅನುಕೂಲವಲ್ಲದಿದ್ದರೆ ಒಂದು ಫೋನ್ ಮಾಡಿ.”