ಹಾರುವ ಮುನ್ನ

ನಮ್ಮ ಸೋಗಾನೆಯಲ್ಲಿ ವಿಮಾನ ನಿಲ್ದಾಣವಾಗಿ, ಅದಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನಿಟ್ಟು, 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದ ಮೇಲೆ ರವೀಂದ್ರನಗರದ ಸಂಜೆಯ ಮಾತುಕತೆಗೆ ಹೊಸದೊಂದು ವಿಷಯ ದೊರೆತಿದೆ. ಮೋಡ ಕವಿದೋ ಮಂಜು ಮುಸುಕಿಯೋ ವಿಮಾನವು ಇಳಿಯಲಾಗದೆ ಹಿಂದಿರುಗಿತೆಂಬ ಸುದ್ದಿ ಬಂದರೆ ಸಾಕು, "ಇಲ್ಲಿಯವರೆಗೆ ಬಂದವರಿಗೆ ಇಳಿಸಲು ಏನಾಗಿತ್ತು?" ಎಂಬ ತೀರ್ಪು ನಿವೃತ್ತರ ಬೆಂಚಿನಿಂದ ಹೊರಡುತ್ತದೆ. ಆ ತೀರ್ಪಿಗೆ ತಲೆದೂಗಿದವರಲ್ಲಿ ನಾನೂ ಒಬ್ಬ. ನನ್ನ ಅಭಿಪ್ರಾಯ ಬದಲಾದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಅವನ ಕಥೆಯನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಅವನು ನನಗೆ ಕಲಿಸಿದ್ದನ್ನು ಹೇಳುವುದು ಮೇಲು.

ಈತ ಬೆಂಗಳೂರಿನಲ್ಲಿ ಎಂಜಿನಿಯರು. ಹವ್ಯಾಸಕ್ಕಾಗಿ ವಿಮಾನ ನಡೆಸುವುದನ್ನು ಕಲಿತು ಖಾಸಗಿ ಚಾಲಕನ ಲೈಸೆನ್ಸನ್ನು ಪಡೆದವನು. ದೊಡ್ಡ ವಿಮಾನದ ಚಾಲಕನ ಪಕ್ಕದಲ್ಲಿ ಇನ್ನೊಬ್ಬ ಚಾಲಕನಿರುತ್ತಾನೆ. ಅವನು ಎಷ್ಟು ಹೊತ್ತು ದುಡಿದ, ಎಷ್ಟು ಹೊತ್ತು ಮಲಗಿದ ಎಂದು ಲೆಕ್ಕವಿಡುವವರಿರುತ್ತಾರೆ. ಖಾಸಗಿ ಚಾಲಕನಿಗೆ ಇವರಾರೂ ಇಲ್ಲ. ನಿಯತಕಾಲಕ್ಕೊಮ್ಮೆ ವೈದ್ಯರು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ, ನಿಜ. ಆದರೆ ಅದು ಆ ದಿನದ ದೇಹಕ್ಕೆ ಕೊಟ್ಟ ಪತ್ರ. ಇಂದು ಬೆಳಗಿನ ದೇಹಕ್ಕೆ ಪತ್ರ ಕೊಡಬೇಕಾದವನು ಅವನೇ. ರೋಗಿಯೂ ತಾನೇ, ವೈದ್ಯನೂ ತಾನೇ, ನ್ಯಾಯಾಧೀಶನೂ ತಾನೇ!

ಇದಕ್ಕಾಗಿ ಹೊರಡುವ ಮುನ್ನ ಕೇಳಿಕೊಳ್ಳತಕ್ಕ ಆರು ಪ್ರಶ್ನೆಗಳನ್ನು ಕಲಿಸುತ್ತಾರಂತೆ. ಕಾಯಿಲೆಯಿದೆಯೇ? ಔಷಧ ಸೇವಿಸಿದ್ದೇನೆಯೇ? ಮನಸ್ಸಿಗೆ ಒತ್ತಡವಿದೆಯೇ? ಮದ್ಯಪಾನ ಮಾಡಿದ್ದೇನೆಯೇ? ಆಯಾಸವಾಗಿದೆಯೇ? ಭಾವೋದ್ವೇಗದಲ್ಲಿದ್ದೇನೆಯೇ? ಮದ್ಯದ ಪ್ರಶ್ನೆಯನ್ನು ನಮ್ಮ ದೇಶದ ನಿಯಮವೇ ಬಗೆಹರಿಸಿದೆ: ಹಾರಾಟಕ್ಕೆ ಹಿಂದಿನ 12 ಗಂಟೆಗಳಲ್ಲಿ ತೊಟ್ಟೂ ಕೂಡದು. ಉಳಿದ ಐದಕ್ಕೆ ಅಷ್ಟು ಸುಲಭವಾದ ಅಳತೆಗೋಲಿಲ್ಲ.

ನೆಗಡಿಯನ್ನೇ ತೆಗೆದುಕೊಳ್ಳಿ. ಮಲೆನಾಡಿನವರಾದ ನಾವು ನೆಗಡಿಯನ್ನು ಕಾಯಿಲೆಯ ಪಟ್ಟಿಗೆ ಸೇರಿಸುವುದೇ ಇಲ್ಲ. ಆದರೆ ಕಿವಿಯ ಒಳಭಾಗಕ್ಕೂ ಗಂಟಲಿಗೂ ನಡುವೆ ಸಣ್ಣದೊಂದು ನಾಳವಿದೆ. ಹೊರಗಿನ ಗಾಳಿಯ ಒತ್ತಡ ಬದಲಾದಂತೆ ಒಳಗಿನದನ್ನು ಸರಿಹೊಂದಿಸುವುದು ಅದರ ಕೆಲಸ. ನೆಗಡಿಯಿಂದ ಅದು ಕಟ್ಟಿಕೊಂಡಾಗ ವಿಮಾನ ಇಳಿಯತೊಡಗಿದರೆ ಕಿವಿಯಲ್ಲಿ ಕತ್ತಿಯಿಟ್ಟು ತಿರುವಿದಂತಾಗುತ್ತದೆ. ತಮಟೆ ಹರಿಯುವುದೂ ಉಂಟು. ಅದಕ್ಕಾಗಿ ಮಾತ್ರೆ ನುಂಗೋಣವೆಂದರೆ ನೆಗಡಿಯ ಮಾತ್ರೆಗಳಲ್ಲಿ ಹಲವು ತೂಕಡಿಕೆ ತರುವಂಥವು. ಒಂದನೆಯ ಪ್ರಶ್ನೆಯಿಂದ ತಪ್ಪಿಸಿಕೊಂಡವನು ಎರಡನೆಯದರಲ್ಲಿ ಸಿಕ್ಕಿಬಿದ್ದನೆಂದೇ ಲೆಕ್ಕ.

ಇವೆಲ್ಲಕ್ಕಿಂತ ನನ್ನನ್ನು ಚಿಂತೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಬೆಂಗಳೂರಿನಲ್ಲಿ ನಮ್ಮ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಿದೆ, 1957ರಲ್ಲಿ ಆರಂಭವಾದದ್ದು. ಅಂಥ ಸಂಸ್ಥೆಗಳಲ್ಲಿ ಗಾಳಿಯನ್ನು ತೆಳುವಾಗಿಸಬಲ್ಲ ಕೋಣೆಗಳಿರುತ್ತವೆ. ಹದಿನೆಂಟು ಸಾವಿರ ಅಡಿಗಳ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಇಪ್ಪತ್ತೈದು ಸಾವಿರಕ್ಕೆ ಹೋದರೆ ಆಮ್ಲಜನಕದ ಮುಖವಾಡವಿಲ್ಲದವನಿಗೆ ಕಾರ್ಯಕ್ಕೆ ಬರುವ ಪ್ರಜ್ಞೆ ಉಳಿಯುವುದು ಮೂರರಿಂದ ಐದು ನಿಮಿಷ. ಇಂಥ ಕೋಣೆಯಲ್ಲಿ ಕುಳ್ಳಿರಿಸಿ, ಕೈಗೆ ಹಾಳೆ ಕೊಟ್ಟು, ಸಣ್ಣ ಲೆಕ್ಕಗಳನ್ನು ಮಾಡಲು ಹೇಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅಕ್ಷರ ಸೊಟ್ಟಗಾಗುತ್ತದೆ, ಸಾಲು ಸಾಲಿನ ಮೇಲೇರುತ್ತದೆ, ಕೂಡುವ ಕಡೆ ಕಳೆಯುತ್ತಾರೆ. ಬರೆಯುವವನಿಗೋ ತಾನು ಬಹು ಚೆನ್ನಾಗಿ ಬರೆಯುತ್ತಿರುವೆನೆಂಬ ಸಂತೋಷ! ಮೂರು ದಶಕ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಇಂಥ ಸಂತೋಷದ ಪರಿಚಯ ಚೆನ್ನಾಗಿಯೇ ಇದೆ. ಆದರೆ ಇಲ್ಲಿ ತಪ್ಪು ಮಾಡುತ್ತಿರುವ ಬುದ್ಧಿಯೇ ತಪ್ಪನ್ನು ಹುಡುಕಬೇಕಾದ ಬುದ್ಧಿ. ಕೆಟ್ಟುಹೋದ ತಕ್ಕಡಿಯಲ್ಲಿ ಅದೇ ತಕ್ಕಡಿಯನ್ನು ತೂಗಿ ನೋಡುವುದೆಂತು?

ಸಣ್ಣ ವಿಮಾನಗಳು ಸಾಮಾನ್ಯವಾಗಿ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ ಎನ್ನಬಹುದು. ಆದರೆ ಇರುಳಿನಲ್ಲಿ ಕಣ್ಣಿನ ಶಕ್ತಿ ಐದು ಸಾವಿರ ಅಡಿಗಳಿಂದಲೇ ಕುಂದತೊಡಗುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ ಆರು ಸಾವಿರ ಅಡಿಗಳಿಗೂ ಎತ್ತರದಲ್ಲಿದೆ. ಗಾಳಿಯ ಮಾತು ಹಾಗಿರಲಿ, ಮೋಡದ ಮಾತು ಇನ್ನೂ ಕಠಿಣ. ನಾವು ನೆಟ್ಟಗೆ ನಿಂತಿದ್ದೇವೆಯೋ ವಾಲಿದ್ದೇವೆಯೋ ಎಂಬುದನ್ನು ಒಳಗಿವಿಯೂ ಕಣ್ಣೂ ಕೂಡಿ ತಿಳಿಸುತ್ತವೆ. ಮೋಡದೊಳಗೆ ಹೊಕ್ಕಾಗ ಕಣ್ಣಿಗೆ ದಿಗಂತವಿಲ್ಲ, ಉಳಿದದ್ದು ಒಳಗಿವಿ. ನಿಧಾನವಾಗಿ ಆರಂಭವಾದ ತಿರುವು ಅದಕ್ಕೆ ಅರಿವಾಗುವುದೇ ಇಲ್ಲ. ವಿಮಾನ ವಾಲಿ ಸುತ್ತಿಕೊಳ್ಳುತ್ತ ಇಳಿಯುತ್ತಿದ್ದರೂ ಅದು "ಎಲ್ಲ ಸರಿಯಾಗಿದೆ" ಎಂದೇ ಸಾಕ್ಷಿ ನುಡಿಯುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣಗಳನ್ನಷ್ಟೇ ನೋಡಿ ಹಾರುವ ತರಬೇತಿಯಿಲ್ಲದ ಇಪ್ಪತ್ತು ಮಂದಿಯನ್ನು ಕೃತಕವಾಗಿ ಅಂಥ ಸ್ಥಿತಿಗೆ ಒಡ್ಡಿ ನೋಡಿದರು. ಇಪ್ಪತ್ತು ಮಂದಿಯೂ ವಿಮಾನದ ಮೇಲಿನ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡುಗಳಲ್ಲಿ. ಅಂದರೆ ಮೂರು ನಿಮಿಷವೂ ಇಲ್ಲ. ಆಗುಂಬೆಯ ಮೇಲೆ ಆಷಾಢದ ಮೋಡ ಹಾಯುವುದನ್ನು ಕಂಡವರು ಈ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು.

ಅಮೆರಿಕದ ಅಧ್ಯಕ್ಷರಾಗಿದ್ದ ಕೆನೆಡಿಯವರ ಮಗ ಜಾನ್ ಕೆನೆಡಿ ಕಿರಿಯರು 1999ರ ಜುಲೈ 16ರ ರಾತ್ರಿ ತಮ್ಮ ವಿಮಾನವನ್ನು ತಾವೇ ನಡೆಸುತ್ತ, ಪತ್ನಿ ಮತ್ತು ಪತ್ನಿಯ ಸೋದರಿಯೊಡನೆ ಸಮುದ್ರದಲ್ಲಿ ಬಿದ್ದು ತೀರಿಕೊಂಡರು. ಮರುದಿನ ಬಂಧುವೊಬ್ಬರ ಮದುವೆಯಿತ್ತು. ಹೊರಟದ್ದು ಸೂರ್ಯಾಸ್ತದ ಬಳಿಕ. ನೀರಿನ ಮೇಲೆ ಮಬ್ಬು. ಮುರಿದಿದ್ದ ಕಾಲಗಂಟಿನ ಕಟ್ಟನ್ನು ಬಿಚ್ಚಿ ಒಂದೇ ದಿನವಾಗಿತ್ತು. ತರಬೇತುದಾರರೊಬ್ಬರು ಜೊತೆಗೆ ಬರುತ್ತೇನೆಂದಾಗ ಒಬ್ಬನೇ ಹೋಗಬಯಸುತ್ತೇನೆಂದಿದ್ದರು. ತನಿಖೆ ನಡೆಸಿದವರು ಕಂಡುಕೊಂಡ ಕಾರಣ ಈ ದಿಗ್ಭ್ರಮೆಯೇ. ಬಿಡಿಬಿಡಿಯಾಗಿ ನೋಡಿದರೆ ಮದುವೆ, ತಡ, ಮಬ್ಬು, ಕಾಲುನೋವು ಯಾವುದೂ ಕೊಲ್ಲುವಂಥದಲ್ಲ.

ಇಂಥ ಸಾಹಸಕ್ಕೆ ನಮ್ಮಲ್ಲಿ ಸಂಪಾತಿ ಜಟಾಯುಗಳ ಕಥೆಯೇ ಇದೆಯಲ್ಲ! ತಾರುಣ್ಯದ ಗರ್ವದಲ್ಲಿ ಅಣ್ಣತಮ್ಮಂದಿರು ಪಂಥ ಕಟ್ಟಿ ಸೂರ್ಯನತ್ತ ಹಾರಿದರು. ಎತ್ತರದಲ್ಲಿ ತಮ್ಮನ ಕಣ್ಣು ಕತ್ತಲೆಗಟ್ಟಿತು. ಅವನಿಗೆ ರೆಕ್ಕೆಯ ನೆರಳು ಹಿಡಿದ ಅಣ್ಣನ ರೆಕ್ಕೆ ಸುಟ್ಟುಹೋಯಿತು. ವಾಲ್ಮೀಕಿ ಕಾರಣವಾಗಿ ಬಿಸಿಲನ್ನು ಹೇಳಿದ್ದಾನೆ. ವೈಮಾನಿಕ ವೈದ್ಯರಾಗಿದ್ದರೆ ಗಾಳಿಯ ತೆಳುವನ್ನು ಹೇಳುತ್ತಿದ್ದರು. ಪಂಥದ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಾರದು. "ನನಗೇನೂ ಆಗದು" ಎಂಬ ಭಾವನೆಯನ್ನು ಚಾಲಕರ ಪಠ್ಯಪುಸ್ತಕಗಳು ಅಪಾಯದ ಮನೋಧರ್ಮಗಳಲ್ಲಿ ಒಂದೆಂದು ಎಣಿಸುತ್ತವೆ.

ಅನುಭವವೊಂದಿದ್ದರೆ ಸಾಲದೇ ಎಂದು ನಾನು ಕೇಳಿದಾಗ ಆತ ಮಂಗಳೂರಿನ ಹೆಸರೆತ್ತಿದ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ನೆತ್ತಿಯ ಓಡುದಾರಿಯನ್ನು ದಾಟಿ ಕಣಿವೆಗುರುಳಿ 158 ಮಂದಿ ಸತ್ತರು. ಉಳಿದವರು ಎಂಟೇ ಜನ. ಅದು ಖಾಸಗಿ ಚಾಲಕನ ಕಥೆಯಲ್ಲ. ಮುಖ್ಯ ಚಾಲಕನಿಗೆ ಹತ್ತು ಸಾವಿರ ಗಂಟೆಗಳಿಗೂ ಮೀರಿದ ಅನುಭವವಿತ್ತು. ಆದರೆ ಆತ ದಾರಿಯಲ್ಲಿ ಬಹುಹೊತ್ತು ನಿದ್ರಿಸಿದ್ದನೆಂದೂ, ಎದ್ದ ಬಳಿಕದ ನಿದ್ದೆಯ ಜಡತೆ ಅವನ ವಿವೇಚನೆಯನ್ನು ಮಂಕಾಗಿಸಿದ್ದೀತೆಂದೂ ತನಿಖಾ ವರದಿ ಹೇಳಿತು. ಮತ್ತೆ ಮೇಲೇರಿರೆಂದು ಸಹಚಾಲಕ ಹೇಳಿದ್ದೂ ಧ್ವನಿಮುದ್ರಣದಲ್ಲಿತ್ತು. ಪಕ್ಕದಲ್ಲಿ ಎಚ್ಚರಿಸುವವನಿದ್ದೂ ಹೀಗಾದರೆ, ಯಾರೂ ಇಲ್ಲದವನ ಪಾಡೇನು? ಆದ್ದರಿಂದಲೇ ಅವರು ತೀರ್ಮಾನವನ್ನು ನೆಲದ ಮೇಲೆ, ಬುದ್ಧಿ ತಿಳಿಯಾಗಿರುವಾಗಲೇ ಮಾಡಿ ಬರೆದಿಟ್ಟುಕೊಳ್ಳುತ್ತಾರೆ. ನನ್ನ ವಿದ್ಯಾರ್ಥಿಯ ಡೈರಿಯ ಮೊದಲ ಪುಟದಲ್ಲಿ ಅಂಥ ಏಳೆಂಟು ಸಾಲುಗಳಿವೆ.

ಇನ್ನು ಅವನ ಕಥೆ. ಕಳೆದ ವರ್ಷ ಶ್ರಾವಣದಲ್ಲಿ ಇಲ್ಲಿ ಅವನ ತಂದೆಗೆ ಹಠಾತ್ತನೆ ಉಲ್ಬಣಿಸಿತು. ನಡುರಾತ್ರಿ ಸುದ್ದಿ ಹೋಯಿತು. ಗೆಳೆಯರೊಡನೆ ಪಾಲಿನಲ್ಲಿ ಇಟ್ಟುಕೊಂಡಿದ್ದ ವಿಮಾನ ಸಿದ್ಧವಾಗಿತ್ತು. ಬೆಳಗ್ಗೆ ಬೆಂಗಳೂರಿನ ಆಕಾಶವೂ ತಿಳಿಯಾಗಿತ್ತು. ಒಂದೂಕಾಲು ಗಂಟೆಯ ಹಾರಾಟ. ಆದರೆ ರಾತ್ರಿ ನಿದ್ದೆಯಿಲ್ಲ, ಹಿಂದಿನ ದಿನ ನೆಗಡಿಗೆ ಮಾತ್ರೆ ನುಂಗಿದ್ದ, ಇತ್ತ ಮಲೆನಾಡಿನಲ್ಲಿ ಮಳೆ. ಡೈರಿ ತೆಗೆದು ನೋಡಿದನಂತೆ. ಆರು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಸರಿಯಿರಲಿಲ್ಲ. ಕೊನೆಯ ಸಾಲು "ಮನೆಯವರ ಪ್ರಾಣಕ್ಕೆ ಬಂದ ದಿನ ಹಾರಕೂಡದು" ಎಂದಿತ್ತು, ಬರೆದವನು ಅವನೇ. ಬಾಡಿಗೆ ಕಾರು ಹಿಡಿದು ಹೊರಟ. ಬಂದು ತಲುಪಿದಾಗ ಮೂರು ಗಂಟೆ. ತಂದೆ ಒಂದು ಗಂಟೆಗೆ ಹೋಗಿಬಿಟ್ಟಿದ್ದರು.

ಕರ್ಮಾಂತರಗಳು ಮುಗಿದ ಮೇಲೆ ನನ್ನ ಮನೆಗೆ ಬಂದ. ಜಗುಲಿಯಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, "ಮೇಷ್ಟ್ರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಾನಾಗಿದ್ದರೆ ಹೊರಟುಬಿಡುತ್ತಿದ್ದೆನಪ್ಪ" ಎಂದೆ.

"ಅದಕ್ಕೇ ನಿಮಗೆ ಲೈಸೆನ್ಸು ಕೊಡುವುದಿಲ್ಲ" ಎಂದು ನಕ್ಕ. ಅಷ್ಟು ದಿನಗಳಲ್ಲಿ ಅವನು ನಕ್ಕದ್ದನ್ನು ಕಂಡದ್ದು ಅದೇ ಮೊದಲು. ಅವನ ತಾಯಿ ಮಾತ್ರ ಆ ದಿನದ ವಿಷಯವನ್ನು ಇಂದಿಗೂ ಎತ್ತಿಲ್ಲ.