ಟಯರು ಒಂದೇ ಪಕ್ಕ ಸವೆಯುವುದೇಕೆ?

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿದು ಮಾರಾಟಕ್ಕೆ ಹೋಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸರಿಯಾಗಿ ನಮ್ಮ ಸದಸ್ಯರ ಜೀಪು, ಪಿಕಪ್ಪುಗಳ ಟಯರುಗಳೂ ಆಯುಷ್ಯ ಮುಗಿಸಿರುತ್ತವೆ. ಮಳೆಗಾಲಕ್ಕೆ ಮುಂಚೆ ಹೊಸ ಟಯರು ಹಾಕಿಸುವುದು ಒಳ್ಳೆಯ ಪದ್ಧತಿಯೇ. ಆದರೆ ಸಂಘದ ಅಂಗಳದಲ್ಲಿ ಬಂದು ನಿಲ್ಲುವ ಗಾಡಿಗಳನ್ನು ವರ್ಷಗಟ್ಟಲೆ ನೋಡುತ್ತಾ ಬಂದಿರುವ ನಮಗೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಎಷ್ಟೋ ಗಾಡಿಗಳ ಮುಂದಿನ ಟಯರು ಒಂದು ಅಂಚಿನಲ್ಲಿ ಪೂರಾ ಬೋಳು, ಇನ್ನೊಂದು ಅಂಚಿನಲ್ಲಿ ಅಂಗಡಿಯಿಂದ ತಂದ ಹಾಗೆ ಗೆರೆ ಉಳಿದಿರುತ್ತದೆ. ಮಾಲೀಕರನ್ನು ಕೇಳಿದರೆ ಉತ್ತರ ಒಂದೇ: "ಈಗಿನ ಕಂಪೆನಿಗಳ ರಬ್ಬರು ಮೊದಲಿನ ಹಾಗಿಲ್ಲ ಬಿಡಿ."

ರಬ್ಬರು ಕೆಟ್ಟದ್ದಾಗಿದ್ದರೆ ಟಯರು ಇಡಿಯಾಗಿ ಬೇಗ ಸವೆಯಬೇಕಿತ್ತು. ಅರ್ಧ ಸವೆದು ಅರ್ಧ ಉಳಿದಿದೆ ಎಂದರೆ ತಪ್ಪು ಟಯರಿನದಲ್ಲ, ಅದನ್ನು ಹಿಡಿದಿರುವ ಚಕ್ರದ್ದು, ಆಕ್ಸಲ್ಲಿನದು, ಸ್ಪ್ರಿಂಗಿನದು. ಗಿಡದ ಎಲೆ ಹಳದಿಯಾದರೆ ನಾವು ಎಲೆಗೆ ಔಷಧ ಹೊಡೆದು ಸುಮ್ಮನಾಗುವುದಿಲ್ಲ. ಬುಡ ಕೆದಕಿ ಬೇರು ನೋಡುತ್ತೇವೆ, ಕಾಂಡದಲ್ಲಿ ಕೊರಕ ಹೊಕ್ಕಿದೆಯೇ ಎಂದು ಪರೀಕ್ಷಿಸುತ್ತೇವೆ. ಗಾಡಿಯ ವಿಷಯದಲ್ಲಿ ಮಾತ್ರ ಎಲೆ ಕಿತ್ತು ಹೊಸ ಎಲೆ ಅಂಟಿಸುವ ಕೆಲಸ ನಡೆಯುತ್ತಿದೆ.

ಟಯರಿನ ಸವೆತವನ್ನು ಓದುವುದು ಕಷ್ಟದ ವಿದ್ಯೆಯಲ್ಲ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ, ಇಲ್ಲವೇ ಹೊರೆ ಹೆಚ್ಚು. ಕೊಯ್ಲಿನ ಕಾಲದಲ್ಲಿ ಚೀಲದ ಮೇಲೆ ಚೀಲ ಒಟ್ಟಿ, ಗಾಳಿ ಮಾತ್ರ ಖಾಲಿ ಗಾಡಿಗೆ ಹಾಕುವಷ್ಟೇ ಇಟ್ಟರೆ ಹಿಂದಿನ ಟಯರು ಹೀಗಾಗುತ್ತದೆ. ಗಾಳಿಯನ್ನು ಟಯರು ತಣ್ಣಗಿರುವಾಗ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನೋಡಬೇಕು. ಪೇಟೆಗೆ ಹೋಗಿ ಬಿಸಿಯಾದ ಟಯರಿನಲ್ಲಿ ನೋಡಿದರೆ ಲೆಕ್ಕ ಹೆಚ್ಚು ತೋರಿಸುತ್ತದೆ.

ಇನ್ನು ಒಂದೇ ಅಂಚಿನ ಸವೆತ. ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಚಕ್ರ ನೆಟ್ಟಗೆ ನಿಲ್ಲದೆ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ಕ್ಯಾಂಬರಿನ ದೋಷ. ವಾಲಿದ ಕಡೆಯ ಅಂಚು ನುಣ್ಣಗೆ ಸವೆಯುತ್ತದೆ. ಚಕ್ರ ನೆಟ್ಟಗೇ ನಿಂತಿದ್ದರೂ ಮೂಗು ಒಳಕ್ಕೋ ಹೊರಕ್ಕೋ ತಿರುಗಿದ್ದರೆ ಅದು ಟೋ ದೋಷ. ಆಗ ಟಯರು ಉರುಳುವುದರ ಜೊತೆಗೆ ರಸ್ತೆಯ ಮೇಲೆ ಅಡ್ಡಕ್ಕೆ ಉಜ್ಜುತ್ತದೆ. ಕಣ್ಣಿಗೆ ಎರಡೂ ಒಂದೇ ತೆರ ಕಾಣುತ್ತವೆ, ಆದರೆ ಅಂಗೈಗೆ ವ್ಯತ್ಯಾಸ ತಿಳಿಯುತ್ತದೆ. ಟಯರಿನ ಮೈ ಮೇಲೆ ಅಡ್ಡಲಾಗಿ ಕೈ ಆಡಿಸಿ ನೋಡಿ. ಒಂದು ದಿಕ್ಕಿನಲ್ಲಿ ಬೆಕ್ಕಿನ ಬೆನ್ನು ಸವರಿದ ಹಾಗೆ ನುಣುಪು, ತಿರುಗಿ ಬರುವಾಗ ಗರಗಸದ ಹಲ್ಲಿನ ಹಾಗೆ ಚುಚ್ಚುವುದಾದರೆ ಅದು ಟೋ. ಗಾಡಿಯ ಒಳಗಡೆಯಿಂದ ಹೊರಕ್ಕೆ ಕೈ ತರುವಾಗ ಚುಚ್ಚಿದರೆ ಚಕ್ರಗಳ ಮೂಗು ಅತಿಯಾಗಿ ಒಳಕ್ಕಿದೆ ಎಂದರ್ಥ. ಹೊರಗಿನಿಂದ ಒಳಕ್ಕೆ ಒಯ್ಯುವಾಗ ಚುಚ್ಚಿದರೆ ಮೂಗು ಹೊರಕ್ಕೆ ತಿರುಗಿದೆ. ಗಾಜಿನ ಚೂರು, ಮೊಳೆ ಸಿಕ್ಕಿಕೊಂಡಿರಬಹುದು, ಜಾಗ್ರತೆ.

ಈ ಉಜ್ಜಾಟ ಎಷ್ಟೆಂದು ಒಂದು ಸಣ್ಣ ಲೆಕ್ಕ ಹಾಕೋಣ. 70 ಸೆಂ.ಮೀ. ವ್ಯಾಸದ ಟಯರಿನ ಮುಂತುದಿಗೂ ಹಿಂತುದಿಗೂ ನಡುವೆ 3.5 ಮಿ.ಮೀ. ಓರೆ ಇದೆಯೆಂದುಕೊಳ್ಳಿ. ಅದು ನೂರಕ್ಕೆ ಅರ್ಧ. ಅಂದರೆ ಒಂದು ಕಿಲೋಮೀಟರು ಓಡಿದರೆ ಟಯರನ್ನು 5 ಮೀಟರು ಅಡ್ಡಕ್ಕೆ ಎಳೆದ ಲೆಕ್ಕ. ಇಪ್ಪತ್ತು ಕಿಲೋಮೀಟರಿನ ಪೇಟೆಗೆ ಹೋಗಿಬಂದರೆ 200 ಮೀಟರು. ಮೂರೂವರೆ ಮಿಲಿಮೀಟರು ಎಂದರೆ ಕಾಳುಮೆಣಸಿನ ಒಂದು ಕಾಳಿಗಿಂತ ಕಡಿಮೆ ದಪ್ಪ!

ಇಲ್ಲಿ ನಮ್ಮ ಸೀಮೆಯವರು ನೆನಪಿಡಬೇಕಾದ ಒಂದು ವಿನಾಯಿತಿ ಇದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನೋ, ಕೊಟ್ಟಿಗೆಹಾರದಿಂದ ಚಾರ್ಮಾಡಿಯನ್ನೋ ವಾರಕ್ಕೆರಡು ಸಲ ಇಳಿದು ಹತ್ತುವ ಗಾಡಿಯ ಮುಂದಿನ ಟಯರುಗಳ ಹೊರ ಅಂಚು ಎಲ್ಲ ಸರಿಯಿದ್ದರೂ ಸ್ವಲ್ಪ ಹೆಚ್ಚೇ ಸವೆಯುತ್ತದೆ. ತಿರುವಿನಲ್ಲಿ ಭಾರವೆಲ್ಲ ಹೊರ ಚಕ್ರದ ಹೊರ ಅಂಚಿಗೆ ಬೀಳುವುದರಿಂದ ಇದು ಸಹಜ. ಬಯಲುಸೀಮೆಯ ಗ್ಯಾರೇಜಿನವರು ಇದನ್ನು ನೋಡಿ ಅಲೈನ್‌ಮೆಂಟ್ ಕೆಟ್ಟಿದೆ ಎನ್ನಬಹುದು. ಎಡ ಬಲ ಎರಡೂ ಒಂದೇ ಸಮನಾಗಿ ಹೊರ ಅಂಚಿನಲ್ಲಿ ಉರುಟಾಗಿ ಸವೆದು, ಅಂಗೈಗೆ ಗರಗಸ ಹತ್ತದಿದ್ದರೆ ಘಾಟಿಯದೇ ಕೆಲಸ. ಒಳ ಅಂಚು ಸವೆದಿದ್ದರೆ ಅಥವಾ ಒಂದೇ ಚಕ್ರದಲ್ಲಿ ಮಾತ್ರ ಹೀಗಿದ್ದರೆ ಘಾಟಿಯ ಮೇಲೆ ಗೂಬೆ ಕೂರಿಸುವಂತಿಲ್ಲ.

ನಮ್ಮ ಸದಸ್ಯರೊಬ್ಬರ ಹಳೆಯ ಜೀಪಿನ ಕಥೆಯನ್ನು ಇಲ್ಲಿ ಹೇಳುವುದು ಉಚಿತ. ದೀಪಾವಳಿಗೆ ಮುಂದಿನ ಎರಡು ಟಯರು ಹೊಸದು ಹಾಕಿಸಿದರು. ಶಿವರಾತ್ರಿಗೆ ಎರಡರ ಒಳ ಅಂಚೂ ಬೋಳು. ಪೇಟೆಯಲ್ಲಿ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ್ದರು. ಎರಡು ಸಲವೂ ಯಂತ್ರ ಎಲ್ಲ ಸರಿಯಿದೆಯೆಂದು ಹಸಿರು ತೋರಿಸಿತ್ತು. ಕಡೆಗೆ ನಮ್ಮೂರಿನ ಮೇಸ್ತ್ರಿ ಜಾಕಿ ಕೊಟ್ಟು ಚಕ್ರ ಎತ್ತಿ ಅಲ್ಲಾಡಿಸಿದಾಗ ಸಂಗತಿ ಹೊರಬಿತ್ತು. ಟೈ ರಾಡಿನ ಎರಡೂ ತುದಿಯ ಗುಂಡುಗಳು ಸವೆದು ಹೋಗಿದ್ದವು. ಒಂದರ ನಟ್ಟಿಗೆ ಇರಬೇಕಾದ ಪಿನ್ನೇ ಇರಲಿಲ್ಲ.

ಯಂತ್ರ ಸುಳ್ಳು ಹೇಳಲಿಲ್ಲ. ಗಾಡಿ ನಿಂತಿರುವಾಗ ಸಡಿಲಾದ ಕೀಲು ತನ್ನ ಜಾಗದಲ್ಲಿ ತೆಪ್ಪಗೆ ಕೂತಿರುತ್ತದೆ. ಓಡುವಾಗ ರಸ್ತೆಯ ಎಳೆತ ಚಕ್ರಗಳನ್ನು ಹಿಂದಕ್ಕೆ ತಳ್ಳಿ, ಸಡಿಲು ಇದ್ದಷ್ಟೂ ಮೂಗನ್ನು ಹೊರಕ್ಕೆ ತಿರುಗಿಸುತ್ತದೆ. ಹಾಗಾಗಿಯೇ ಒಳ ಅಂಚು ಸವೆದದ್ದು. ಎರಡು ಟೈ ರಾಡ್ ತುದಿಗಳ ಬೆಲೆ ಒಂದು ಟಯರಿನ ಬೆಲೆಗಿಂತ ಎಷ್ಟೋ ಕಡಿಮೆ. ಆದರೆ ಮಾತು ಬೆಲೆಯದಲ್ಲ. ಆ ಜೀಪಿನಲ್ಲಿ ದಿನವೂ ಕೊಯ್ಲಿನ ಆಳುಗಳು ಓಡಾಡುತ್ತಿದ್ದರು. ಆ ಗುಂಡು ಇಳಿಜಾರಿನಲ್ಲಿ ಕಳಚಿಕೊಂಡಿದ್ದರೆ ಸ್ಟೇರಿಂಗ್ ತಿರುಗುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. ಸವೆದ ಟಯರು ನಾಲ್ಕು ತಿಂಗಳಿನಿಂದ ಅದನ್ನೇ ಹೇಳುತ್ತಿತ್ತು.

ಆದ್ದರಿಂದ ಕೆಲಸದ ಕ್ರಮ ಹೀಗಿರಬೇಕು: ಮೊದಲು ಸಡಿಲು ತೆಗೆಯುವುದು, ಆಮೇಲೆ ಅಲೈನ್‌ಮೆಂಟ್, ಅದಕ್ಕೂ ಆಮೇಲೆ ಹೊಸ ಟಯರು. ನಮ್ಮಲ್ಲಿ ನಡೆಯುವುದು ಇದಕ್ಕೆ ನೇರ ಉಲ್ಟಾ.

ಸಡಿಲನ್ನು ಮನೆಯಲ್ಲೇ ನೋಡಬಹುದು. ಸಮತಟ್ಟಾದ ಕಣದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರವನ್ನು ನೆಲ ಬಿಡುವಷ್ಟು ಎತ್ತಬೇಕು. ಜಾಕಿಯೊಂದನ್ನೇ ನಂಬದೆ ಆಕ್ಸಲ್ಲಿನ ಅಡಿಗೆ ದಪ್ಪ ಮರದ ದಿಮ್ಮಿ ಇಡಬೇಕು. ಚಕ್ರದ ಮೇಲುತುದಿ ಕೆಳತುದಿ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಬೇರಿಂಗ್ ಸಡಿಲವೋ ಕಿಂಗ್ ಪಿನ್ ಸವೆದಿದೆಯೋ ತಿಳಿಯಲು ಒಬ್ಬರನ್ನು ಬ್ರೇಕು ತುಳಿದು ಹಿಡಿಯಲು ಹೇಳಿ ಮತ್ತೊಮ್ಮೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್ ಪಿನ್ನು ಅಥವಾ ಬಾಲ್ ಜಾಯಿಂಟು. ಬಳಿಕ ಎಡತುದಿ ಬಲತುದಿ ಹಿಡಿದು ಅಲ್ಲಾಡಿಸಿ. ಆಗ ಕಾಣುವ ಆಟ ಹೆಚ್ಚಾಗಿ ಟೈ ರಾಡಿನದು, ಸ್ಟೇರಿಂಗಿನದು. ಒಬ್ಬರು ಅಲ್ಲಾಡಿಸುತ್ತಿರುವಾಗ ಇನ್ನೊಬ್ಬರು ಕೀಲಿನ ಮೇಲೆ ಬೆರಳಿಟ್ಟರೆ ಯಾವುದು ಅಲುಗುತ್ತಿದೆ ಎಂದು ಬೆರಳೇ ಹೇಳುತ್ತದೆ.

ಟಯರಿನ ಸುತ್ತ ಅಲ್ಲಲ್ಲಿ ಬೋಗುಣಿಯಂತೆ ತಗ್ಗು ಬಿದ್ದಿದ್ದರೆ ಚಕ್ರ ರಸ್ತೆಯ ಮೇಲೆ ಕುಣಿಯುತ್ತಿದೆ. ಶಾಕ್ ಅಬ್ಸಾರ್ಬರ್ ಸತ್ತಿರಬಹುದು, ಬ್ಯಾಲೆನ್ಸ್ ತಪ್ಪಿರಬಹುದು, ಬೇರಿಂಗ್ ಸಡಿಲಾಗಿರಬಹುದು. ಗಾಡಿಯ ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ತೂಗುತ್ತದೆಂದು ಎಣಿಸುವ ಪರೀಕ್ಷೆ ಕಾರುಗಳಿಗೆ ಸರಿ. ಪಟ್ಟಿ ಸ್ಪ್ರಿಂಗಿನ ಜೀಪನ್ನು ಭೀಮನೇ ಬಂದು ಒತ್ತಿದರೂ ಅದು ಬಗ್ಗದು. ಅಲ್ಲಿ ಶಾಕ್ ಅಬ್ಸಾರ್ಬರಿನ ಮೈಯಲ್ಲಿ ಎಣ್ಣೆ ಸೋರಿದೆಯೇ, ಕಣ್ಣಿನ ರಬ್ಬರು ಪುಡಿಯಾಗಿದೆಯೇ ಎಂದು ನೋಡಬೇಕು. ಒಂದೇ ಕಡೆ ಮಾತ್ರ ಚಪ್ಪಟೆಯಾಗಿ ಉಜ್ಜಿಹೋಗಿದ್ದರೆ ಅದು ಬ್ರೇಕು ಕಚ್ಚಿ ಜಾರಿದ ಗುರುತು.

ಪಟ್ಟಿ ಸ್ಪ್ರಿಂಗಿನ ಗಾಡಿಗಳಲ್ಲಿ ಇನ್ನೊಂದು ತೊಂದರೆಯಿದೆ. ಸ್ಪ್ರಿಂಗಿನ ನಡುವಿನ ಬೋಲ್ಟು ತುಂಡಾಗಿ ಯು ಬೋಲ್ಟುಗಳು ಸಡಿಲಾದರೆ ಆಕ್ಸಲ್ ಒಂದು ಪಕ್ಕದಲ್ಲಿ ಹಿಂದೆ ಮುಂದೆ ಜರುಗುತ್ತದೆ. ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಸ್ಪ್ರಿಂಗಿನ ಮುಂದಿನ ಕಣ್ಣಿನಿಂದ ಆಕ್ಸಲ್ಲಿಗೆ ಎರಡೂ ಪಕ್ಕ ಟೇಪು ಹಿಡಿದು ನೋಡಿದರೆ ಸಾಕು, ಅಳತೆ ಬೇರೆ ಬಂದರೆ ಕಳ್ಳ ಸಿಕ್ಕಿದಂತೆ. ಗಟ್ಟಿ ಆಕ್ಸಲ್ಲಿನ ಜೀಪಿನಲ್ಲಿ ಕ್ಯಾಂಬರನ್ನು ತಿರುಪಿ ಸರಿಮಾಡುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಅದು ತಪ್ಪಿದೆಯೆಂದರೆ ಆಕ್ಸಲ್ ಬಗ್ಗಿದೆ ಅಥವಾ ಕಿಂಗ್ ಪಿನ್, ಬೇರಿಂಗ್ ಸವೆದಿದೆ. ಹಿಂದಿನ ಟಯರುಗಳು ಒಳ ಅಂಚಿನಲ್ಲಿ ಸವೆಯುತ್ತಿದ್ದರೆ ಹೊರೆಗೆ ಆಕ್ಸಲ್ಲಿನ ಕವಚವೇ ಬಾಗಿರುವ ಸಂಭವವುಂಟು. ನಮ್ಮಲ್ಲಿ ಇನ್ನೂ ಓಡಾಡುತ್ತಿರುವ ಮಾರುತಿ ಓಮ್ನಿಯ (2019ರಲ್ಲಿ ಅದರ ತಯಾರಿಕೆ ನಿಂತಿತು) ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ತೂಗುವಂಥವು. ಅದರಲ್ಲಿ ಸ್ಪ್ರಿಂಗ್ ಕುಸಿದರೆ ಚಕ್ರದ ಓರೆಯೂ ಬದಲಾಗುತ್ತದೆ.

ಸಡಿಲೆಲ್ಲ ತೆಗೆದ ಮೇಲೆ ಟೋ ನೋಡಲು ಟೇಪೊಂದು ಸಾಕು. ಎರಡೂ ಮುಂದಿನ ಟಯರುಗಳ ಮುಂಭಾಗದಲ್ಲಿ ಆಕ್ಸಲ್ಲಿನ ಎತ್ತರಕ್ಕೆ ನಡು ಗೆರೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಅಳೆಯಿರಿ. ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ, ಅದೇ ಗುರುತುಗಳು ಹಿಂದಕ್ಕೆ ಬಂದಾಗ ಮತ್ತೆ ಅಳೆಯಿರಿ. ಇಂಜಿನ್ನಿನ ತಳ ಅಡ್ಡ ಬಂದರೆ ಎರಡು ಸಲವೂ ಒಂದೇ ಮಟ್ಟದಲ್ಲಿ ತುಸು ಕೆಳಗೆ ಅಳೆದರಾಯಿತು. ಮುಂದಿನ ಅಳತೆ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಇರುವುದು ಹಳೆಯ ಜೀಪುಗಳ ವಾಡಿಕೆ. ಎಷ್ಟು ಎಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ. ಈ ಅಳತೆ ಯಂತ್ರಕ್ಕೆ ಬದಲಿಯಲ್ಲ, ಪೇಟೆಗೆ ಹೋಗಬೇಕೇ ಬೇಡವೇ ಎಂದು ತಿಳಿಯಲು ಮಾತ್ರ. ಹೋದಾಗ ಮುಂಚಿನ ಮತ್ತು ನಂತರದ ಅಳತೆಗಳ ಚೀಟಿಯನ್ನು ಕೇಳಿ ಪಡೆಯಿರಿ. ಚಕ್ರಕ್ಕೆ ಸೀಸದ ತುಂಡು ಬಡಿಯುವುದು ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅಲ್ಲ. ಒಂದಕ್ಕೆ ಹಣ ಕೊಟ್ಟು ಎರಡೂ ಆಯಿತೆಂದು ತಿಳಿದು ಬರುವವರಿದ್ದಾರೆ.

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಹಳೆಯ ಜೀಪುಗಳವರಿಗೆ ಒಂದು ಮಾತು. ತೋಟದ ಕೆಸರಿನಲ್ಲಿ ಹಾಕಿದ ಲಿವರನ್ನು ಡಾಂಬರು ರಸ್ತೆಗೆ ಬಂದೊಡನೆ ತೆಗೆಯಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಲಿವರು ಬಿದ್ದಿದ್ದರೆ ಅದಕ್ಕೆ ಅವಕಾಶವಿಲ್ಲದೆ ಟಯರು ಉಜ್ಜುತ್ತದೆ, ಗೇರುಗಳೂ ಬಿಗಿಯುತ್ತವೆ. ಮುಂದೆ ಹೊಸದು, ಹಿಂದೆ ಸವೆದದ್ದು ಹಾಕಿ ಲಿವರು ಬಳಸಿದರೂ ಇದೇ ಪಾಡು.

ಟಯರುಗಳನ್ನು ಅದಲುಬದಲು ಮಾಡಿಸುವುದು ಒಳ್ಳೆಯದು, ಆದರೆ ಓದಿದ ಮೇಲೆ. ಓದುವ ಮೊದಲೇ ಮುಂದಿನದನ್ನು ಹಿಂದಕ್ಕೆ ಹಾಕಿದರೆ ಸಾಕ್ಷಿ ಅಳಿಸಿದಂತಾಗುತ್ತದೆ. ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಟಯರು ಕಾನೂನಿನ ಪ್ರಕಾರ ರಸ್ತೆಗೆ ಸಲ್ಲದು. ಅಂಚಿನಲ್ಲಿ ಆ ಮಿತಿ ಮುಟ್ಟಿದ ಮೇಲೆ ನಡುವೆ ಎಷ್ಟು ಉಳಿದಿದ್ದರೂ ಜೂನ್ ತಿಂಗಳ ಮಳೆಗೆ ಅದನ್ನು ನಂಬಬಾರದು. ಕೊಳ್ಳುವಾಗ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನೂ ನೋಡಿ. 3223 ಎಂದಿದ್ದರೆ 2023ರ 32ನೆಯ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯಲ್ಲೂ ಇದನ್ನು ಓದಿ ನೋಡಿ. ಎಷ್ಟೋ ಜೀಪುಗಳಲ್ಲಿ ಸ್ಟೆಪ್ನಿ ಗಾಡಿಯ ಮಾಲೀಕರ ಮಗಳಿಗಿಂತ ದೊಡ್ಡದಿರುತ್ತದೆ, ಅದರಲ್ಲಿ ಗಾಳಿಯೂ ಇರುವುದಿಲ್ಲ.